ಪ್ಲಾಸ್ಮಾ ಕೊಟ್ಟ ಡೆಂಟಿನ್ ಮೇಲೆ ನೀರಿನ ಹನಿ ಚೆನ್ನಾಗಿ ಹರಡುತ್ತೆ, ಕಾಂಪೊಸಿಟ್ ಮಾತ್ರ ಬಿಟ್ಟುಕೊಳ್ಳುತ್ತೆ

ಬುದ್ಧಿಹಲ್ಲು_ಪಿಜಿ:
ಎಂಡಿಎಸ್ ಕನ್ಸರ್ವೇಟಿವ್ (ಹಲ್ಲು ತುಂಬುವ ವಿಭಾಗದ ಸ್ನಾತಕೋತ್ತರ), ಎರಡನೇ ವರ್ಷ. ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ ಗ್ಯಾಸ್) ಕೊಟ್ಟರೆ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಹಲ್ಲಿಗೆ ಗಟ್ಟಿಯಾಗಿ ಅಂಟುತ್ತಾ ಅಂತ ನೋಡುವ ಥೀಸಿಸ್ ಕೆಲಸ ಇಲ್ಲೇ ನಿಂತುಬಿಟ್ಟಿದೆ. ಕಿತ್ತ ಬುದ್ಧಿಹಲ್ಲಿನ ಮೇಲ್ಭಾಗ ಕತ್ತರಿಸಿ, ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್ ಅನ್ನು 600 ಗ್ರಿಟ್ ಕಾಗದದಲ್ಲಿ ಉಜ್ಜಿ, 37% ಫಾಸ್ಫಾರಿಕ್ ಆಮ್ಲ 15 ಸೆಕೆಂಡ್ ಹಚ್ಚಿ ತೊಳೀತೀನಿ. ಟಿಶ್ಯೂ ಒತ್ತಿ ನೀರು ಹೀರಿಸಿ, ಆಮೇಲೆ ಆರ್ಗಾನ್ ಪ್ಲಾಸ್ಮಾ ಜೆಟ್ 60 ಸೆಕೆಂಡ್. ತಕ್ಷಣ ಅಸಿಟೋನ್ ಇರುವ ಬಾಂಡಿಂಗ್ ಏಜೆಂಟ್ (ಅಂಟಿಸುವ ರೆಸಿನ್ ದ್ರವ), ಮೇಲೆ ಕಾಂಪೊಸಿಟ್. 24 ಗಂಟೆ 37 ಡಿಗ್ರಿ ನೀರಲ್ಲಿಟ್ಟು ಎಳೆದು ಬಂಧದ ಬಲ ಅಳೆಯಲು 1 ಮಿ.ಮೀ. ಕಡ್ಡಿಗಳಾಗಿ ಕತ್ತರಿಸೋಕೆ ಹೋದ್ರೆ, ಪ್ಲಾಸ್ಮಾ ಗುಂಪಿನವು ಗರಗಸದಲ್ಲೇ ಎರಡು ತುಂಡಾಗುತ್ತಿವೆ. ಪ್ಲಾಸ್ಮಾ ಕೊಡದ ಹಲ್ಲುಗಳು ಗಟ್ಟಿಯಾಗಿವೆ. ಪ್ಲಾಸ್ಮಾ ತಾಗುತ್ತಿಲ್ಲವೇನೋ ಅಂತ ನೀರಿನ ಹನಿ ಬಿಟ್ಟು ನೋಡಿದೆ, ಚಪ್ಪಟೆಯಾಗಿ ಹರಡಿತು. ಪವರ್ ಏರಿಸಲಾ?

ಡೆಂಟಿನ್_ಜಾಲರಿ:
ಪವರ್ ಮುಟ್ಟಬೇಡಿ. ಬಿಟ್ಟುಕೊಂಡ ಮುಖ ಹೇಗಿದೆ ಹೇಳಿ. ಗ್ಯಾಸ್ ಎಷ್ಟು ಬಿಡ್ತಿದೀರಿ?

ಬುದ್ಧಿಹಲ್ಲು_ಪಿಜಿ:
ನಿಮಿಷಕ್ಕೆ 5 ಲೀಟರ್, ನಳಿಕೆ 5 ಮಿ.ಮೀ. ದೂರ. ಡೆಂಟಿನ್ ಕಡೆ ಮುಖ ಮಂಕು ಬಿಳಿ, ಸೀಮೆಸುಣ್ಣ ಸವರಿದ ಹಾಗಿದೆ. ಬಾಂಡಿಂಗ್ ಪದರ ಪೂರ್ತಿ ಕಾಂಪೊಸಿಟ್ ಜೊತೆ ಎದ್ದು ಬಂದಿದೆ.

ಡೆಂಟಿನ್_ಜಾಲರಿ:
ಹಾಗಾದ್ರೆ ನಿಮ್ಮ ಪ್ಲಾಸ್ಮಾ ಸರಿಯಾಗೇ ಇದೆ. ಕೆಡಿಸ್ತಿರೋದು ಅದರ ಜೊತೆ ಊದುವ ಗ್ಯಾಸಿನ ಗಾಳಿ. ಆಮ್ಲ ಖನಿಜ ತೆಗೆದ ಮೇಲೆ ಅಲ್ಲಿ ಉಳಿಯೋದು ನೀರಲ್ಲಿ ತೇಲುವ ಕೊಲಾಜನ್ (ಪ್ರೋಟೀನ್) ಎಳೆಗಳು. ನೂಲನ್ನು ನೀರಿಂದ ಎತ್ತಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಲ್ಲ, ಇವೂ ಹಾಗೇ. 60 ಸೆಕೆಂಡ್ ಒಣ ಆರ್ಗಾನ್ ಊದಿದರೆ ಜಾಲರಿ ಕುಸಿದು ಕೂರುತ್ತೆ, ರೆಸಿನ್ ಒಳಗಿಳಿಯಲ್ಲ. 1982ರಲ್ಲಿ ಜಪಾನಿನ ಸಂಶೋಧಕ ನಕಬಯಾಶಿ ತೋರಿಸಿದ ಹೈಬ್ರಿಡ್ ಪದರ ಆಗೋದೇ ರೆಸಿನ್ ಆ ಎಳೆಗಳ ನಡುವೆ ಇಳಿದಾಗ. ಅದರ ಮೇಲೆ ನಿಮ್ಮದು ಅಸಿಟೋನ್ ಬಾಂಡಿಂಗ್. ಅಸಿಟೋನ್ ಕುಸಿದ ಕೊಲಾಜನ್ನನ್ನು ಮತ್ತೆ ಎಬ್ಬಿಸಲ್ಲ.

ಹನಿ ಹರಡಿದ್ದು ನಿಜ, ಪ್ಲಾಸ್ಮಾ ಮೇಲ್ಮೈಯಲ್ಲಿ ಆಮ್ಲಜನಕ ಇರುವ ಗುಂಪುಗಳನ್ನು ಕೂರಿಸಿದೆ. ಆದ್ರೆ ಹನಿ ತನ್ನ ನೀರನ್ನು ತಾನೇ ತರುತ್ತೆ. ಕೆಳಗಿನ ಜಾಲರಿ ನಿಂತಿದೆಯೋ ಮಲಗಿದೆಯೋ ಅದರಿಂದ ಗೊತ್ತಾಗಲ್ಲ.

ಈ ವಾರ ಒಂದೇ ಕೆಲಸ ಮಾಡಿ: ಕರೆಂಟ್ ಆಫ್ ಮಾಡಿ, ಅದೇ ದೂರ, ಅದೇ ಹರಿವು, ಅದೇ 60 ಸೆಕೆಂಡ್, ಬರೀ ಆರ್ಗಾನ್ ಊದಿ. ಅವೂ ಬಿಟ್ಟುಕೊಂಡರೆ ದೋಷ ಒಣಗಿದ್ದರಲ್ಲಿದೆ. ಈ ಗುಂಪು ಇಲ್ಲದೆ ಥೀಸಿಸ್ ಬರೆದರೆ ಪ್ಲಾಸ್ಮಾ ಮಾಡಿದ್ದೆಷ್ಟು, ಗಾಳಿ ಮಾಡಿದ್ದೆಷ್ಟು ಅಂತ ಯಾರಿಗೂ ಬೇರೆ ಮಾಡೋಕಾಗಲ್ಲ.

ಸಮಯವನ್ನೂ ಇಳಿಸಿ. ಅಮೆರಿಕದ ಮಿಸೌರಿ ತಂಡ 2010ರಲ್ಲಿ ಆರ್ಗಾನ್ ಪ್ಲಾಸ್ಮಾ ಬ್ರಶ್‌ನಿಂದ ಇದನ್ನೇ ಮಾಡಿತ್ತು. 30 ಸೆಕೆಂಡಿಗೆ ಹೊರಅಂಚಿನ ಡೆಂಟಿನ್‌ನಲ್ಲಿ ಬಂಧ ಹೆಚ್ಚಿತು, 100 ಸೆಕೆಂಡಿಗೆ ಕುಗ್ಗಿತು. ಹೊರ ಡೆಂಟಿನ್, ಒಳ ಡೆಂಟಿನ್ ಕಡ್ಡಿಗಳನ್ನು ಬೆರೆಸಬೇಡಿ. ತಿರುಳಿನ ಹತ್ತಿರ ಡೆಂಟಿನ್‌ನ ಸೂಕ್ಷ್ಮ ನಳಿಗೆಗಳು ಒತ್ತಾಗಿ, ಅಗಲವಾಗಿ ಇರ್ತವೆ, ತೇವವೂ ಜಾಸ್ತಿ.

ಊರ_ಕ್ಲಿನಿಕ್:
ನಡುವೆ ಬಾಯಿ ಹಾಕ್ತೀನಿ. ಪೇಷೆಂಟ್ ಮೇಲೆ ಮಾಡುವಾಗ ಬಿಸಿಯಿಂದ ಪಲ್ಪ್‌ಗೆ (ಹಲ್ಲಿನ ತಿರುಳಿಗೆ) ತೊಂದರೆ ಇಲ್ವಾ?

ಡೆಂಟಿನ್_ಜಾಲರಿ:
ಕೇಳಬೇಕಾದ ಪ್ರಶ್ನೆಯೇ. ನಾವು ಈಗಲೂ ಹಿಡಿಯೋ ಗಡಿ 5.5 ಡಿಗ್ರಿ ಏರಿಕೆ, 1965ರಲ್ಲಿ ಜಾಕ್ ಮತ್ತು ಕೋಹೆನ್ ಮಂಗಗಳ ಹಲ್ಲಲ್ಲಿ ನೋಡಿದ್ದು. ಅಷ್ಟು ಏರಿದಾಗ 15% ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಈ ಪ್ಲಾಸ್ಮಾಗೆ ಕೋಲ್ಡ್ ಅಂತ ಹೆಸರಿದ್ದರೂ ಪಲ್ಪ್ ಚೇಂಬರ್ ಒಳಗೆ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು ಅಳೆಯದೆ ನಂಬಬಾರದು. ಲ್ಯಾಬಿನ ಜೆಟ್ಟನ್ನು ಬಾಯಿಗೆ ತರಲೇಬೇಡಿ.

ಬುದ್ಧಿಹಲ್ಲು_ಪಿಜಿ:
ಮಾಡಿದೆ. ಬರೀ ಆರ್ಗಾನ್ ಊದಿದವೂ ಗರಗಸದಲ್ಲೇ ಬಿಟ್ಟವು, ಅದೇ ಸೀಮೆಸುಣ್ಣದ ಮುಖ. ನೋಡಿ ಎದೆ ಹಗುರಾಯ್ತು. ಆಮೇಲೆ ಪ್ಲಾಸ್ಮಾ 30 ಸೆಕೆಂಡಿಗೆ ಇಳಿಸಿ, ಮುಗಿದ ಕೂಡಲೇ ಮೈಕ್ರೋಬ್ರಶ್ಶಲ್ಲಿ ಡಿಸ್ಟಿಲ್ಡ್ ವಾಟರ್ ಮುಟ್ಟಿಸಿದೆ. ಹೊಳಪು ಬಂತು, ನೀರು ನಿಲ್ಲಲಿಲ್ಲ. ಆಗ ಬಾಂಡಿಂಗ್ ಹಚ್ಚಿದೆ. ಎರಡು ಹಲ್ಲು ಕತ್ತರಿಸಿದೆ, ಒಂದು ಕಡ್ಡಿಯೂ ಬಿಡಲಿಲ್ಲ.

ಡೆಂಟಿನ್_ಜಾಲರಿ:
ತುಂಬ ಸಂತೋಷ. ಆದ್ರೆ ಈಗ ಕಂಟ್ರೋಲ್ (ಪ್ಲಾಸ್ಮಾ ಕೊಡದ) ಹಲ್ಲಿಗೂ ಅದೇ ಬ್ರಶ್, ಅದೇ ನೀರು ಮುಟ್ಟಿಸಬೇಕು, ಇಲ್ಲಾಂದ್ರೆ ನೀರಿನ ಲಾಭ ಪ್ಲಾಸ್ಮಾ ಲೆಕ್ಕಕ್ಕೆ ಹೋಗುತ್ತೆ. ಸಾಧ್ಯವಾದ್ರೆ ಒಂದೇ ಹಲ್ಲನ್ನು ಸೀಳಿ ಅರ್ಧಕ್ಕೆ ಪ್ಲಾಸ್ಮಾ, ಅರ್ಧ ಕಂಟ್ರೋಲ್ ಮಾಡಿ. ಮೊದಲು ಗರಗಸದಲ್ಲಿ ಬಿಟ್ಟ ಕಡ್ಡಿಗಳನ್ನು ಎಸೆದುಬಿಟ್ಟಿರಾ?

ಬುದ್ಧಿಹಲ್ಲು_ಪಿಜಿ:
ಇಲ್ಲ, ಹಲ್ಲಿನ ನಂಬರ್ ಬರೆದು ಡಬ್ಬಿಯಲ್ಲಿಟ್ಟಿದ್ದೀನಿ.

ಡೆಂಟಿನ್_ಜಾಲರಿ:
ಒಳ್ಳೇದಾಯ್ತು. ಎಷ್ಟು ಬಿಟ್ಟವು ಅಂತ ಗುಂಪುವಾರು ಟೇಬಲ್‌ನಲ್ಲಿ ಹಾಕಿ. ಉಳಿದ ಗಟ್ಟಿ ಕಡ್ಡಿಗಳ ಸರಾಸರಿ ಮಾತ್ರ ಕೊಟ್ಟರೆ ಸೋತ ಗುಂಪೂ ಗೆದ್ದ ಹಾಗೆ ಕಾಣುತ್ತೆ.