ಫ್ರಾನ್ಸಿನ ಅವಿನ್ಯೋನ್ ಊರಿನ ನಾಟಕೋತ್ಸವದ ಹಳೇ ದಾಖಲೆ ನೋಡಿ ಬಂದವರು ಇದ್ದೀರಾ?

ಶಿರಸಿ_ಆಟಪ್ರಿಯ:
ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿದ್ದಾಳೆ, ನವೆಂಬರಿನಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಇಂಗ್ಲೆಂಡಿನ ನಾಟಕ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಮಹಾಭಾರತ ಆಡಿಸಿದ್ದು ಅಲ್ಲೇ ಅವಿನ್ಯೋನ್ ಹತ್ತಿರ, ಬುಲ್ಬೋ ಎಂಬಲ್ಲಿನ ಕಲ್ಲುಕ್ವಾರಿಯಲ್ಲಿ. ಸುಮಾರು 9 ಗಂಟೆಯ ನಾಟಕ, ಕೆಲವು ದಿನ ಇಡೀ ರಾತ್ರಿ. ಗದ್ದೆ ಬಯಲಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವನು ನಾನು, ಇದನ್ನು ಓದಿದಾಗಿನಿಂದ ತಲೆಯಲ್ಲಿ ಅದೇ. ಅದರ ಫೋಟೋ, ಕಾಗದಪತ್ರ ನೋಡಲು ಸಿಗುತ್ತದಾ? ನಾನು ಸಂಶೋಧಕ ಅಲ್ಲ, ನಿವೃತ್ತ ಮೇಷ್ಟ್ರು. ಒಳಗೆ ಬಿಡ್ತಾರಾ?

ಹೊನ್ನಾವರ_ಚೌಕಿ:
ಖಂಡಿತ ಹೋಗಿ ಸರ್. ಅವಿನ್ಯೋನ್ ಊರೊಳಗೇ ಮೇಜೋ ಜಾನ್ ವಿಲಾರ್ ಅಂತ ಮನೆಯಿದೆ, ಉತ್ಸವದ ದಾಖಲೆಗಳು ಇರೋದು ಅಲ್ಲೇ. 1947ರಲ್ಲಿ ಈ ಉತ್ಸವ ಶುರು ಮಾಡಿದ ಜಾನ್ ವಿಲಾರ್ ಹೆಸರಿನದು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಒಂದು ಶಾಖೆಯೂ ಅಲ್ಲೇ ಇದೆ. ಸುಮ್ನೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಯಾವ ನಾಟಕ, ಯಾವ ವರ್ಷ ಅಂತ ಬರೆದು ಮೊದಲೇ ಮೇಲ್ ಹಾಕಿ. ಎಲ್ಲಾ ಫ್ರೆಂಚಿನಲ್ಲೇ, ಮಗಳು ಜೊತೆಗಿರಲಿ. ಉತ್ಸವ ಜುಲೈನಲ್ಲಿ, ಆಗ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ, ನವೆಂಬರ್ ಒಳ್ಳೇದೇ. ನಾನು ನೋಡಿದ್ದು ಬೇರೆ ನಾಟಕದ ಕಾಗದಗಳು. ಒಂದು ಹಳೇ ಕರಪತ್ರದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಸಮಯ ಗುರುತು ಹಾಕಿದ್ದರು. ನಮ್ಮ ಭಾಗವತರು ಪ್ರಸಂಗದ ಪುಸ್ತಕದಲ್ಲಿ ತಾಳ ಗುರುತು ಹಾಕುತ್ತಾರಲ್ವಾ, ಥೇಟ್ ಹಾಗೇ. ಅರ್ಧ ಗಂಟೆ ಅದನ್ನೇ ನೋಡ್ತಾ ಕೂತಿದ್ದೆ.

ಕಾರವಾರ_ಕಡಲು:
ಒಂದು ಮಾತು. ಬ್ರೂಕ್ ಇದೇ ನಾಟಕದಿಂದ ಮಾಡಿದ 1989ರ ಸಿನಿಮಾ ನೋಡಿಕೊಂಡು ಹೋದರೆ ಪಾತ್ರಗಳ ಗುರುತು ಸಿಗುತ್ತದೆ, ಅದರಲ್ಲೂ ದ್ರೌಪದಿ ನಮ್ಮ ಮಲ್ಲಿಕಾ ಸಾರಾಭಾಯಿ. ಆದರೆ ಅದನ್ನು ಸ್ಟುಡಿಯೋದಲ್ಲಿ ತೆಗೆದದ್ದು. ಆ ಕ್ವಾರಿಯ ಬಂಡೆ, ಬಯಲ ಗಾಳಿ ಅದರಲ್ಲಿಲ್ಲ. ಅದಕ್ಕೇ ಅಲ್ಲಿ ಕ್ವಾರಿಯ ಫೋಟೋಗಳನ್ನೇ ಮೊದಲು ಕೇಳಿ, ಜನ ಎಲ್ಲಿ ಕೂತಿದ್ದರು ಅಂತ ನೋಡಿ.

ಶಿರಸಿ_ಆಟಪ್ರಿಯ:
ಇಬ್ಬರಿಗೂ ಧನ್ಯವಾದ, ಇವತ್ತೇ ಮಗಳ ಹತ್ರ ಮೇಲ್ ಬರೆಸುತ್ತೇನೆ. ಇನ್ನೊಂದೂ ಕೇಳಿಸಬೇಕು. ಅಪ್ಪಯ್ಯ ಕೂಡಿಟ್ಟ ಆಟದ ಹ್ಯಾಂಡ್‌ಬಿಲ್ಲು ಒಂದು ಟ್ರಂಕ್ ತುಂಬಾ ಇವೆ, ನಮ್ಮ ಮಳೆಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ. ಹಳೇ ಕಾಗದವನ್ನು ಅವರು ಯಾವುದರಲ್ಲಿ ಸುತ್ತಿ ಇಡುತ್ತಾರೆ ಅಂತ.