ಶಾಸಕರು ರಾಜೀನಾಮೆ ಕೊಟ್ಟರು, ಉಪಚುನಾವಣೆ ಯಾವಾಗ?

ಪ್ರಶ್ನೆ (ರೈತನ ಮಗ):
ನಮ್ಮ ಶಾಸಕರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದಾರೆ. ಅಪ್ಪ ಬಗರ್ ಹುಕುಂ ಜಮೀನಿಗೆ (ಅನುಮತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನು) ಸಕ್ರಮ ಮಾಡಿಕೊಡಿ ಅಂತ ಫಾರಂ 57 ಅರ್ಜಿ ಹಾಕಿದ್ದಾರೆ. ಆ ಅರ್ಜಿ ತೀರ್ಮಾನಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ 'ಎಲೆಕ್ಷನ್ ಆಗಲಿ ನೋಡೋಣ' ಅಂತಾರೆ. ಎಷ್ಟು ದಿನ ಕಾಯಬೇಕು? ಐದು ವರ್ಷಕ್ಕೆ ಅಂತ ಓಟು ಹಾಕಿದ್ದೆವು ಅಲ್ವಾ? ತುಂಬಾ ಬೇಜಾರಾಗಿದೆ.

ಉತ್ತರ 1 (ನಿವೃತ್ತ ಮೇಷ್ಟ್ರು):
ಸ್ಪೀಕರ್ ರಾಜೀನಾಮೆ ಅಂಗೀಕರಿಸಿದ ಮೇಲೆ ಸ್ಥಾನ ಖಾಲಿ. ಅಲ್ಲಿಂದ 6 ತಿಂಗಳೊಳಗೆ ಚುನಾವಣೆ ಆಗಬೇಕು. ವಿಧಾನಸಭೆಯ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಈ ಗಡುವು ಇಲ್ಲ. ಚನ್ನಪಟ್ಟಣ, ಶಿಗ್ಗಾವಿ, ಸಂಡೂರು 2024ರ ಜೂನ್‌ನಲ್ಲಿ ತೆರವಾದವು, ನವೆಂಬರ್ 13ಕ್ಕೆ ಮತದಾನ ಆಯಿತು.

ಆದರೆ ಕೋರ್ಟಿನಲ್ಲಿ ಕೇಸಿದ್ದರೆ ಕಥೆಯೇ ಬೇರೆ. ಮಸ್ಕಿ ನೋಡಿ. ರಾಜೀನಾಮೆ ಕೊಟ್ಟಿದ್ದ ಪ್ರತಾಪಗೌಡ ಪಾಟೀಲರನ್ನು 2019ರ ಜುಲೈನಲ್ಲಿ ಸ್ಪೀಕರ್ ಅನರ್ಹಗೊಳಿಸಿದರು. ಅವರ 2018ರ ಗೆಲುವಿನ ಮೇಲೆ ಹೈಕೋರ್ಟಿನಲ್ಲಿ ತಕರಾರು ಇತ್ತು. ಹಾಗಾಗಿ ಮತದಾನ ನಡೆದದ್ದು 2021ರ ಏಪ್ರಿಲ್ 17ಕ್ಕೆ! ಅಷ್ಟು ಕಾಲ ಆ ಜನರಿಗೆ ಶಾಸಕರೇ ಇರಲಿಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ಉತ್ತರ 2 (ಹಳೇ ಕಾರ್ಯಕರ್ತ):
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ರಾಜೀನಾಮೆ ಕೊಟ್ಟವರೇ ಪಕ್ಷ ಬದಲಿಸಿ ಗೆದ್ದು ಬರ್ತಾರೆ. 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಮತ್ತೆ ನಿಂತ 13 ಅನರ್ಹ ಶಾಸಕರಲ್ಲಿ 11 ಜನ ಗೆದ್ದರು.

ಉತ್ತರ 3 (ನಿವೃತ್ತ ಮೇಷ್ಟ್ರು):
ಲೆಕ್ಕ ಸರಿ. ಆದರೆ ಮಸ್ಕಿಯ ಫಲಿತಾಂಶವನ್ನೂ ಹೇಳಿ. 2018ರಲ್ಲಿ ಪ್ರತಾಪಗೌಡರು ಬಸನಗೌಡ ತುರ್ವಿಹಾಳರ ಎದುರು ಗೆದ್ದದ್ದು 213 ಮತಗಳಿಂದ. ಉಪಚುನಾವಣೆಯಲ್ಲಿ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡು ನಿಂತರು. ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಆಗ ಆಳುತ್ತಿದ್ದದ್ದು ಪಾಟೀಲರು ಹೊಸದಾಗಿ ಸೇರಿದ್ದ ಪಕ್ಷವೇ, ಆದರೂ ಸೋತರು. ಹಾಗಾಗಿ ಎಲ್ಲ ಮೊದಲೇ ತೀರ್ಮಾನ ಆಗಿಬಿಟ್ಟಿದೆ ಅಂತ ಹೇಳಿ ಹುಡುಗನ ಉತ್ಸಾಹ ಕುಗ್ಗಿಸಬೇಡಿ.

ರೈತನ ಮಗ:
ಧನ್ಯವಾದ ಮೇಷ್ಟ್ರೇ. ತಂಗಿಗೆ ಈಗ 18 ತುಂಬಿದೆ. ಅವಳೂ ಓಟು ಹಾಕಬಹುದಾ?

ಉತ್ತರ 4 (ನಿವೃತ್ತ ಮೇಷ್ಟ್ರು):
ಪಟ್ಟಿಯಲ್ಲಿ ಹೆಸರಿದ್ದರೆ ಖಂಡಿತ. ಇಲ್ಲದಿದ್ದರೆ ಇವತ್ತೇ ಹೆಸರು ಸೇರಿಸುವ ಅರ್ಜಿ ಫಾರಂ 6 ತುಂಬಿಸಿ ನಿಮ್ಮ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಿ. ನಾಮಪತ್ರದ ಕೊನೆ ದಿನ ದಾಟಿದರೆ ಈ ಚುನಾವಣೆಗೆ ಹೆಸರು ಸೇರಿಸಲ್ಲ. ಪರಿಶೀಲನೆಗೂ ಸಮಯ ಬೇಕು, ದಿನಾಂಕ ಘೋಷಣೆ ಆಗಲಿ ಅಂತ ಕಾಯಬೇಡಿ.