ಲಿನ್ ಯುಟಾಂಗ್ ಹಾಸ್ಯ ಮತ್ತು ಹೆಂಗಸರ ಪಾದ

ರಾಘು: ಚೀನೀ ಲೇಖಕ ಲಿನ್ ಯುಟಾಂಗ್ ಅವರ ‘ಮೈ ಕಂಟ್ರಿ ಅಂಡ್ ಮೈ ಪೀಪಲ್’ (1935) ಮುಗಿಸಿದೆ. ಹ್ಯೂಮರ್‌ಗೆ ಚೀನೀ ಭಾಷೆಯಲ್ಲಿ ‘ಯೋಮೋ’ ಅನ್ನೋ ಪದವನ್ನ 1924ರಲ್ಲಿ ಬಳಕೆಗೆ ತಂದವರು ಇವರೇ. ಪುಸ್ತಕದಲ್ಲಿ ಹಾಸ್ಯವೂ ಇದೆ, ಹೆಂಗಸರ ಬದುಕಿಗೇ ಒಂದು ಅಧ್ಯಾಯವೂ ಇದೆ. ಚೀನೀ ಮನೆಗಳಲ್ಲಿ ತಾಯಿ, ಅಜ್ಜಿಯರದ್ದೇ ಆಳ್ವಿಕೆ, ಹೊರಗಿನವರು ತಿಳಿದಷ್ಟು ದಬ್ಬಾಳಿಕೆ ಇರಲಿಲ್ಲ ಅಂತಾರೆ. ನನಗೆ ಸರಿ ಅನ್ನಿಸ್ತು.

ವಿನುತಾ: ರಾಘು ಅವರೇ, ಅಜ್ಜಿಯಾಗಿ ಆಳೋಕೆ ಮೊದಲು ಆಕೆ ಸೊಸೆಯಾಗಿ ಎಷ್ಟು ವರ್ಷ ಸವೆಸಿರಬೇಕು? ಹುಡುಗಿಯರ ಪಾದ ಚಿಕ್ಕದಾಗಿರಲಿ ಅಂತ ಬಟ್ಟೆಯಿಂದ ಬಿಗಿಯಾಗಿ ಕಟ್ಟೋ ಪದ್ಧತಿ ಚೀನಾದಲ್ಲಿತ್ತಲ್ಲ, ಅದರ ಬಗ್ಗೆ ಲಿನ್ ಬರೆದದ್ದನ್ನ ಇನ್ನೊಂದು ಸಲ ಓದಿ. ಆ ಪಾದಗಳ ನಡಿಗೆ ಗಂಡಸರ ಮನಸ್ಸನ್ನ ಹೇಗೆ ಸೆಳೀತಿತ್ತು ಅನ್ನೋದೇ ಹೆಚ್ಚು. ಕಟ್ಟಿಸಿಕೊಂಡ ಹುಡುಗಿಯ ನರಳಾಟ ನನ್ನ ಕಿವಿಗೆ ಬೀಳಲೇ ಇಲ್ಲ.

ಶ್ರೀಧರ್: ಅದೇ ಕಾಲದ ಚೀನೀ ಲೇಖಕ ಲು ಶುನ್ ಅವರ ತಕರಾರೂ ಹತ್ತಿರ ಹತ್ತಿರ ಇದೇ. ಲಿನ್ 1932ರಲ್ಲಿ ಶಾಂಘೈನಲ್ಲಿ ‘ಲುನ್‌ಯು’ ಅನ್ನೋ ಹಾಸ್ಯ ಪತ್ರಿಕೆ ಶುರು ಮಾಡಿದ್ರು. ಇಂಥ ಹಾಸ್ಯ ಕಟುಕನ ಕ್ರೌರ್ಯವನ್ನೂ ನಕ್ಕು ಮರೆಸಿಬಿಡುತ್ತೆ ಅನ್ನೋದು ಲು ಶುನ್ ವಾದ.

ರಾಘು: ಹಾಗಾದ್ರೆ ನೋವಿನ ವಿಷಯದಲ್ಲಿ ನಗಲೇಬಾರದಾ?

ಶಾಲಿನಿ: ನಗಬಹುದು ರಾಘು. ಚೀನೀ ಕಾದಂಬರಿಕಾರ ಲಿ ರುಜೆನ್ ಸುಮಾರು 200 ವರ್ಷದ ಹಿಂದೆಯೇ ತೋರಿಸಿದ್ದಾನೆ, ‘ಕನ್ನಡಿಯೊಳಗಿನ ಹೂಗಳು’ ಕಾದಂಬರಿಯಲ್ಲಿ. ಲಿನ್ ಝಿಯಾಂಗ್ ಅನ್ನೋ ವ್ಯಾಪಾರಿ ಹೆಂಗಸರೇ ಆಳೋ, ಗಂಡಸರು ಹೆಂಗಸರ ಹಾಗೆ ಬದುಕೋ ನಾಡಿಗೆ ಪೌಡರು, ಕೆನ್ನೆಬಣ್ಣ ಮಾರೋಕೆ ಹೋಗ್ತಾನೆ. ಅಲ್ಲಿನ ಹೆಣ್ಣು ದೊರೆಗೆ ಇವನು ಇಷ್ಟವಾಗಿಬಿಡ್ತಾನೆ, ಅವಳಿಗಾಗಿ ಇವನನ್ನ ಹೆಣ್ಣಿನ ಹಾಗೆ ಸಿಂಗರಿಸ್ತಾರೆ. ಗಡ್ಡದ ದಾಸಿಯೊಬ್ಬ ಸೂಜಿಯಿಂದ ಕಿವಿ ಚುಚ್ಚುತ್ತಾನೆ. ಅಲ್ಲೀವರೆಗೆ ನಕ್ಕೆ. ಆಮೇಲೆ ಬೆರಳುಗಳ ಸಂದಿಗೆ ಪಟಿಕ ಉದುರಿಸಿ, ಐದೂ ಬೆರಳು ಒತ್ತಿ, ಪಾದವನ್ನ ಬಿಲ್ಲಿನ ಹಾಗೆ ಬಗ್ಗಿಸಿ ಬಿಳಿ ಬಟ್ಟೆ ಸುತ್ತುತ್ತಾರೆ. ರಾತ್ರಿ ಉರಿ ತಾಳಲಾರದೆ ಬಿಚ್ಚಿದ್ದಕ್ಕೆ ಬಿದಿರಿನ ಏಟು. ನನ್ನ ನಗು ನಿಂತೇಹೋಯ್ತು. ಪಾದ ಗಂಡಸಿನದ್ದಾದ ತಕ್ಷಣ ಅದು ಹಿಂಸೆ ಅಂತ ಎಲ್ಲರಿಗೂ ಕಾಣುತ್ತೆ!

ವಿನುತಾ: ಅದ್ಭುತ. ಆದ್ರೂ ಬರೆದ ಕೈ ಗಂಡಸಿನದ್ದೇ. ಚೀನಾದ ಹುನಾನ್‌ನ ಜಿಯಾಂಗ್‌ಯೊಂಗ್‌ನಲ್ಲಿ ಹೆಂಗಸರು ತಮ್ಮದೇ ಲಿಪಿಯಲ್ಲಿ, ನೂಶುವಿನಲ್ಲಿ, ಬರೀತಿದ್ರು. ಮದುವೆಯಾದ ಮೂರನೇ ದಿನ ವಧುವಿಗೆ ಗೆಳತಿಯರಿಂದ ಬಟ್ಟೆ ಹೊದಿಸಿದ ಒಂದು ಪುಸ್ತಕ ಬರೋದು. ಮೊದಲ ಕೆಲವು ಹಾಳೆಗಳಲ್ಲಿ ಅವರ ಹಾಡು, ಮಿಕ್ಕದ್ದೆಲ್ಲ ಖಾಲಿ, ಅವಳು ತುಂಬಿಕೊಳ್ಳಲಿ ಅಂತ. ಆ ಖಾಲಿ ಹಾಳೆಗಳನ್ನ ನೆನೆಸಿಕೊಂಡ್ರೆ ನನಗೆ ಗಂಟಲು ಕಟ್ಟುತ್ತೆ.

ರಾಘು: ಆ ಭಾಗ ಮತ್ತೆ ಓದಿದೆ. ನಡಿಗೆಯ ಮಾತೇ ಹೆಚ್ಚು, ನಿಜ. ‘ಆಳ್ವಿಕೆ’ಯನ್ನ ಒಪ್ಪಿದ್ದನ್ನ ವಾಪಸ್ ತಗೋತೀನಿ. ಶಾಲಿನಿ, ಆ ಕಾದಂಬರಿ ಇಂಗ್ಲಿಷಿಗೆ ಯಾರು ತಂದಿದ್ದು?

ಶಾಲಿನಿ: ಲಿನ್ ತೈಯಿ, 1965ರಲ್ಲಿ. ಲಿನ್ ಯುಟಾಂಗ್ ಅವರ ಮಗಳು.